ಹೊಸ ಚಕ್ರ, ಹಳೆಯ ಹಬ್: ಒಂದು ಬಳೆಯ ಲೆಕ್ಕಾಚಾರ

ಕಾರಿನ ಉಕ್ಕಿನ ಚಕ್ರಗಳನ್ನು ಕಳಚಿ ಅಲಾಯ್ ಚಕ್ರಗಳನ್ನು ಹಾಕಿಸುವ ಒಲವು ಬಳ್ಳಾರಿ ನಗರವನ್ನು ದಾಟಿ ಸಿರುಗುಪ್ಪ, ಕುರುಗೋಡುಗಳಿಗೂ ಹಬ್ಬಿದೆ. ಇದರೊಡನೆ ಟೈರ್ ವ್ಯಾಪಾರಿಗಳಿಗೆ ಚಿರಪರಿಚಿತವಾದ ದೂರೊಂದೂ ಬಂದಿದೆ. ಊರೊಳಗೆ ಸದ್ದಿಲ್ಲದೆ ಓಡಿದ ಕಾರು, ಸಿರುಗುಪ್ಪದ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 150ಎಯಲ್ಲಿ ಗಂಟೆಗೆ 80 ಕಿ.ಮೀ. ಮೀರಿದೊಡನೆ ಸ್ಟೀರಿಂಗ್ ನಡುಗಿಸತೊಡಗುತ್ತದೆ. ಗ್ರಾಹಕನು ಮರುದಿನ ಅಂಗಡಿಯ ಮುಂದೆ ನಿಲ್ಲುತ್ತಾನೆ. ಬ್ಯಾಲೆನ್ಸಿಂಗ್ ಯಂತ್ರ ಸೊನ್ನೆಯನ್ನೇ ತೋರಿಸುತ್ತದೆ. ನಡುಕ ಮಾತ್ರ ನಿಲ್ಲುವುದಿಲ್ಲ. ಆಗ ಟೈರಿನ ಮೇಲೆ, ಕಡೆಗೆ ವ್ಯಾಪಾರಿಯ ಮೇಲೆ ಅಪವಾದ ಬರುತ್ತದೆ.

ಇದರ ಮೂಲ ಅನೇಕ ವೇಳೆ ಚಕ್ರದ ನಡುರಂಧ್ರದಲ್ಲಿದೆ. ಪ್ರತಿಯೊಂದು ಕಾರಿನ ಹಬ್ಬಿಗೂ ಮುಂಚಾಚಿದ ಒಂದು ದುಂಡು ತುಟಿಯಿರುತ್ತದೆ. ತಯಾರಕರ ಮೂಲ ಚಕ್ರ ಅದರ ಮೇಲೆ ಬಿಗಿಯಾಗಿ ಕೂರುತ್ತದೆ. ಮಾರುತಿ ಸ್ವಿಫ್ಟ್ ಹಾಗೂ ಹ್ಯುಂಡೈ ಐ20 ಕಾರುಗಳಲ್ಲಿ ಈ ಅಳತೆ 54.1 ಮಿ.ಮೀ., ಹೋಂಡಾ ಸಿಟಿಯಲ್ಲಿ 56.1, ಫೋಕ್ಸ್‌ವ್ಯಾಗನ್ ಪೋಲೊದಲ್ಲಿ 57.1, ಟೊಯೊಟಾ ಇನ್ನೋವಾದಲ್ಲಿ 60.1, ಹ್ಯುಂಡೈ ಕ್ರೆಟಾದಲ್ಲಿ 67.1 ಮಿ.ಮೀ. ಹೊರಮಾರುಕಟ್ಟೆಯ ಚಕ್ರ ತಯಾರಕರು ಒಂದೇ ಅಚ್ಚಿನ ಚಕ್ರವನ್ನು ಹಲವು ಕಾರುಗಳಿಗೆ ಹೊಂದಿಸಬೇಕಾದುದರಿಂದ ನಡುರಂಧ್ರವನ್ನು ದೊಡ್ಡದಾಗಿಯೇ ಬಿಡುತ್ತಾರೆ, 73.1 ಮಿ.ಮೀ. ಸಾಮಾನ್ಯ. ಅಂಥ ಚಕ್ರವನ್ನು ಸ್ವಿಫ್ಟ್‌ಗೆ ಹಾಕಿದರೆ ಸುತ್ತಲೂ 9.5 ಮಿ.ಮೀ. ತೆರವು ಉಳಿಯುತ್ತದೆ. ಈ ತೆರವನ್ನು ತುಂಬುವ ಬಳೆಯೇ ಹಬ್ ರಿಂಗ್.

ತೆರವು ಉಳಿದರೆ ಏನಾಗುತ್ತದೆಂಬುದನ್ನು ಲೆಕ್ಕ ಹಾಕಿ ನೋಡಬಹುದು. ಟೈರ್ ಸಹಿತ 16 ಕಿಲೋ ತೂಗುವ 15 ಅಂಗುಲದ ಚಕ್ರವು ನಡುವಿನಿಂದ ಕೇವಲ ಅರ್ಧ ಮಿ.ಮೀ. ಸರಿದು ಕುಳಿತರೂ, ಅದು ರಿಮ್ಮಿನ ಅಂಚಿಗೆ ಸುಮಾರು 42 ಗ್ರಾಂ ತೂಕವನ್ನು ತಪ್ಪು ಜಾಗದಲ್ಲಿ ಅಂಟಿಸಿದುದಕ್ಕೆ ಸಮ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಇಂಥ ಚಕ್ರ ಸೆಕೆಂಡಿಗೆ ಸುಮಾರು 15 ಸುತ್ತು ತಿರುಗಿ, ಪ್ರತಿ ಸುತ್ತಿನಲ್ಲೂ ಹಬ್ಬನ್ನು 7 ಕಿಲೋ ಭಾರದಷ್ಟು ಬಲದಿಂದ ಎಳೆಯುತ್ತದೆ. ವೇಗ ಅರ್ಧವಾದರೆ ಬಲ ಕಾಲುಭಾಗಕ್ಕಿಳಿಯುತ್ತದೆ. ಊರೊಳಗೆ ದೋಷ ಕಾಣದೆ ಹೆದ್ದಾರಿಯಲ್ಲಿ ಕಾಣುವುದಕ್ಕೆ ಇದೇ ಕಾರಣ.

ಬ್ಯಾಲೆನ್ಸಿಂಗ್ ಯಂತ್ರ ಇದನ್ನು ಹಿಡಿಯದಿರುವುದೂ ಸಹಜವೇ. ಯಂತ್ರವು ಚಕ್ರವನ್ನು ನಡುರಂಧ್ರದೊಳಗೆ ಶಂಕುವಿಟ್ಟು ಹಿಡಿಯುತ್ತದೆ. ರಿಂಗ್ ಇಲ್ಲದ ಕಾರಿನಲ್ಲಿ ಚಕ್ರವನ್ನು ಹಿಡಿಯುವುದು ನಟ್ಟುಗಳು. ಈ ಎರಡು ನಡುಗಳು ಒಂದಾಗದಿದ್ದರೆ, ಯಂತ್ರದ ಮೇಲಿನ ಸೊನ್ನೆ ಕಾರಿನಲ್ಲಿ ಸೊನ್ನೆಯಾಗಿ ಉಳಿಯದು. ಮತ್ತೆ ಮತ್ತೆ ತೂಕ ಅಂಟಿಸುವುದರಿಂದ ಶ್ರಮ ವ್ಯರ್ಥವೇ ಹೊರತು ಪರಿಹಾರ ದೊರೆಯದು.

ಹಾಗಾದರೆ ರಿಂಗ್ ಇಲ್ಲದೆ ಚಕ್ರ ಹಾಕಲೇಬಾರದೇ? ಇಲ್ಲಿ ಎರಡು ಅಭಿಪ್ರಾಯಗಳಿದ್ದು, ಎರಡರಲ್ಲಿಯೂ ಸತ್ಯಾಂಶವಿದೆ. ಕಾರಿನ ಭಾರವನ್ನು ಹೊರುವುದು ರಿಂಗ್ ಅಲ್ಲ. ಬಿಗಿದ ನಟ್ಟುಗಳು ಚಕ್ರವನ್ನು ಹಬ್ಬಿನ ಮುಖಕ್ಕೆ ಒತ್ತಿದಾಗ ಉಂಟಾಗುವ ಘರ್ಷಣೆಯೇ ಭಾರವನ್ನು ಹೊರುತ್ತದೆ. ಶಂಕುವಿನಾಕಾರದ ನಟ್ಟುಗಳನ್ನು, ಚಕ್ರವಿನ್ನೂ ಜಾಕಿನ ಮೇಲಿರುವಾಗಲೇ, ಎದುರುಬದುರಾಗಿ ಹಂತಹಂತವಾಗಿ ಬಿಗಿದರೆ ರಿಂಗ್ ಇಲ್ಲದೆಯೂ ಚಕ್ರ ನಡುವಿಗೆ ಬರಬಲ್ಲದು. ಆದರೆ ಸಂಜೆಯ ನೂಕುನುಗ್ಗಲಿನಲ್ಲಿ ಗಾಳಿಯ ಗನ್ನಿನಿಂದ ಮೊದಲ ನಟ್ಟನ್ನೇ ಪೂರ್ಣ ಬಿಗಿಯುವ ಕೆಲಸಗಾರನಿಂದ ಆ ಶಿಸ್ತನ್ನು ನಿರೀಕ್ಷಿಸಲಾಗದು. ರಿಂಗ್ ಇದ್ದರೆ ನಟ್ಟು ಮುಟ್ಟುವ ಮೊದಲೇ ಚಕ್ರ ನಡುವಿನಲ್ಲಿರುತ್ತದೆ. ಅದರ ಕೆಲಸ ಆ ಕೆಲವು ನಿಮಿಷಗಳದ್ದು. ಫಲ ಮಾತ್ರ ಟೈರಿನ ಆಯುಷ್ಯದುದ್ದಕ್ಕೂ. ಇನ್ನು ಚಪ್ಪಟೆ ವಾಷರಿನ ನಟ್ಟುಗಳಿಗೆ ನಡುವನ್ನು ಹುಡುಕುವ ಗುಣವೇ ಇಲ್ಲ. ಅಲ್ಲಿ ನಡುರಂಧ್ರದ ಹೊಂದಾಣಿಕೆ ಕಡ್ಡಾಯವೆಂದೇ ತಿಳಿಯಬೇಕು.

ಅದಿರಿನ ಲಾರಿಗಳನ್ನು ಕಂಡಿರುವ ನಮ್ಮ ಜಿಲ್ಲೆಯವರಿಗೆ ಈ ತತ್ತ್ವ ಹೊಸದಲ್ಲ. 335 ಮಿ.ಮೀ. ವೃತ್ತದಲ್ಲಿ 10 ಸ್ಟಡ್‌ಗಳುಳ್ಳ ಭಾರೀ ವಾಹನದ ಚಕ್ರವು 281 ಮಿ.ಮೀ. ನಡುರಂಧ್ರದಿಂದಲೇ ಹಬ್ಬಿನ ಮೇಲೆ ನಡುವನ್ನು ಕಂಡುಕೊಳ್ಳುತ್ತದೆ. ಅದರ ಚಪ್ಪಟೆ ನಟ್ಟುಗಳು ಬಿಗಿಯುತ್ತವೆಯೇ ಹೊರತು ದಾರಿ ತೋರುವುದಿಲ್ಲ.

ರಿಂಗ್ ಸರಿಯಿದ್ದರೂ ನಟ್ಟು ತಪ್ಪಿದರೆ ಎಲ್ಲವೂ ತಪ್ಪಿದಂತೆ, ಮತ್ತು ಇದು ಕೇವಲ ನಡುಕದ ವಿಷಯವಲ್ಲ, ಪ್ರಾಣದ ವಿಷಯ. ಹೋಂಡಾ ಮೂಲ ನಟ್ಟುಗಳ ಆಸನ ಗೋಳಾಕಾರದ್ದು. ಹೊರಮಾರುಕಟ್ಟೆಯ ಚಕ್ರಗಳಿಗೆ ಬೇಕಾದುದು ಸಾಮಾನ್ಯವಾಗಿ 60 ಡಿಗ್ರಿಯ ಶಂಕು. ಗೋಳವನ್ನು ಶಂಕುವಿನಲ್ಲಿ ಕೂರಿಸಿದರೆ ತಾಗುವುದು ಒಂದು ತೆಳುಗೆರೆಯಷ್ಟೇ. ಓಡುತ್ತ ಓಡುತ್ತ ಬಿಗಿ ಸಡಿಲುತ್ತದೆ. ಮಾರುತಿಯ ಥ್ರೆಡ್ಡಿನ ಅಂತರ 1.25 ಮಿ.ಮೀ., ಹ್ಯುಂಡೈ ಮತ್ತು ಟೊಯೊಟಾದ್ದು 1.5 ಮಿ.ಮೀ.; ಒಂದೇ ಡಬ್ಬಿಯಲ್ಲಿ ಬೆರೆಸಿಟ್ಟ ನಟ್ಟುಗಳು ಸ್ಟಡ್ಡನ್ನೇ ಕೆಡಿಸುತ್ತವೆ.

ಆದುದರಿಂದ ವರ್ತಕ ಬಂಧುಗಳು ನಾಲ್ಕು ಕ್ರಮಗಳನ್ನು ರೂಢಿಸಿಕೊಳ್ಳುವುದು ಒಳಿತು. ಹಬ್ಬಿನ ತುಟಿಯನ್ನೂ ನಡುರಂಧ್ರವನ್ನೂ ವರ್ನಿಯರ್ ಕ್ಯಾಲಿಪರ್‌ನಿಂದ ಅಳೆದು ಬಿಲ್ಲಿನಲ್ಲಿಯೇ ಬರೆಯುವುದು. ಹಬ್ಬಿನ ಮುಖದ ತುಕ್ಕು ಮತ್ತು ಗದ್ದೆಯ ಕೆಸರನ್ನು ತೆಗೆದು ಚಕ್ರ ಕೂರಿಸುವುದು. ಕೊನೆಯ ಬಿಗಿಯನ್ನು ಕಾರಿನ ಕೈಪಿಡಿ ಹೇಳಿದಷ್ಟೇ, ಟಾರ್ಕ್ ವ್ರೆಂಚಿನಿಂದ ನೀಡುವುದು. 50ರಿಂದ 100 ಕಿ.ಮೀ. ಓಡಿದ ಬಳಿಕ ಮರುಪರೀಕ್ಷೆಗೆ ಕರೆಯುವುದು.

ಸಣ್ಣ ಉದ್ದಿಮೆದಾರರಿಗೂ ಇಲ್ಲಿ ಅವಕಾಶವಿದೆ. ಮುಂಡರಗಿ ಕೈಗಾರಿಕಾ ಪ್ರದೇಶವೇ ಇರಲಿ, ನಗರದ ಒಂದು ಬೀದಿಯೇ ಇರಲಿ, ಉತ್ತಮ ಲೇತ್ ಉಳ್ಳವರು ಅಲ್ಯೂಮಿನಿಯಂ ದಂಡದಿಂದ ಈ ಬಳೆಗಳನ್ನು ತಿರುವಬಲ್ಲರು. ಒಳ ಮತ್ತು ಹೊರ ವೃತ್ತಗಳ ನಡು ಒಂದೇ ಆಗಿರಬೇಕು, ಅಲ್ಲಿ ಮಿ.ಮೀ.ನ ಹತ್ತನೆಯ ಒಂದು ಭಾಗ ತಪ್ಪಿದರೂ ಬಳೆಯ ಉದ್ದೇಶವೇ ಸೋಲುತ್ತದೆ. ಆದುದರಿಂದ ಎರಡನ್ನೂ ಒಂದೇ ಹಿಡಿತದಲ್ಲಿ ತಿರುವುವುದು ಕ್ಷೇಮ. ನೀರು ತಾಗಿದಾಗ ಅಲ್ಯೂಮಿನಿಯಂ ಕಬ್ಬಿಣದ ಹಬ್ಬಿಗೆ ಕಚ್ಚಿಕೊಳ್ಳುವುದರಿಂದ ತುಟಿಗೆ ತೆಳುವಾಗಿ ಗ್ರೀಸ್ ಸವರಬೇಕು, ಥ್ರೆಡ್ಡಿಗಲ್ಲ. ಪಾಲಿಕಾರ್ಬೊನೇಟ್ ಬಳೆಗೆ ತುಕ್ಕಿನ ಭಯವಿಲ್ಲ. ಭಾರ ಹೊರಬೇಕಿಲ್ಲವಾದುದರಿಂದ ಅದೂ ಸಾಕಾಗುತ್ತದೆ.

ಕಡೆಯದಾಗಿ, ಕಾನೂನು ಮತ್ತು ತೆರಿಗೆ. ವಾಹನ ಚಕ್ರಗಳ ಕುರಿತು ಕೇಂದ್ರ ಸರ್ಕಾರ 2020ರಲ್ಲಿ ಗುಣಮಟ್ಟ ನಿಯಂತ್ರಣ ಆದೇಶ ಹೊರಡಿಸಿದ್ದು, ಅಲಾಯ್ ಚಕ್ರಗಳ ಮಾನಕ ಐಎಸ್ 16192. ಗುರುತಿಲ್ಲದ ಸರಕನ್ನು ಕೊಳ್ಳದಿರುವುದೇ ಲೇಸು. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ಉಳಿದ ಶೇ. 10ರಲ್ಲಿ ನಾಲ್ಕು ಬಳೆಗಳಿಗೂ ಸರಿಯಾದ ನಟ್ಟುಗಳಿಗೂ ಒಂದಿಷ್ಟನ್ನು ಎತ್ತಿಟ್ಟರೆ ಗ್ರಾಹಕನಿಗೆ ಅದು ಹೊರೆಯಾಗದು. ಅಂಗಡಿಯ ಹೆಸರೂ ಉಳಿಯುವುದು.