ಒತ್ತಡಕ್ಕಷ್ಟೇ ಬಗ್ಗುವ ವಾಲ್ವ್

ನನ್ನ ಹಳೆಯ ಟೂಲ್ ಪೆಟ್ಟಿಗೆಯಲ್ಲಿ ಗುಜರಿಗೆ ಹಾಕಿದ್ದ ಒಂದು ಗ್ಯಾಸ್ ಲಿಫ್ಟ್ ವಾಲ್ವ್ ಇದೆ. ಒಂದೂವರೆ ಇಂಚು ದಪ್ಪ, ಮೊಳದಷ್ಟು ಉದ್ದ, ಸ್ಟೇನ್‌ಲೆಸ್ ಸ್ಟೀಲ್ ಮೈ. ನೋಡಿದವರು ಬೋರ್‌ವೆಲ್ ಪಂಪಿನ ಬಿಡಿಭಾಗ ಇರಬೇಕು ಅಂದುಕೊಳ್ಳುತ್ತಾರೆ. ಮುಂಬೈ ಹೈನ ಎಣ್ಣೆಬಾವಿಗಳಿಗೆ ಹೋಗುವ ಇಂಥ ವಾಲ್ವ್‌ಗಳನ್ನು ಬಿಚ್ಚಿ, ತೊಳೆದು, ಒತ್ತಡ ತುಂಬಿ, ಪರೀಕ್ಷೆ ಮಾಡಿ ಕಳಿಸುವ ವರ್ಕ್‌ಶಾಪಿನಲ್ಲೇ ನನ್ನ ನೌಕರಿಯ ಬಹುಪಾಲು ಕಳೆಯಿತು. ಗದಗಿನಲ್ಲಿ ಡಿಪ್ಲೊಮಾ ಓದುತ್ತಿರುವ ಅಕ್ಕನ ಮಗ ಒಮ್ಮೆ ಅದನ್ನು ಕೈಯಲ್ಲಿ ತಿರುಗಿಸುತ್ತ ಕೇಳಿದ: “ಮಾಮಾ, ಇದಕ್ಕ ಕರೆಂಟ್ ಇಲ್ಲ, ವೈರ್ ಇಲ್ಲ. ಅಷ್ಟು ಆಳದಾಗ ಇದು ಯಾವಾಗ ತೆರೀಬೇಕು, ಯಾವಾಗ ಮುಚ್ಚಬೇಕು ಅಂತ ಹೇಳೋರು ಯಾರು?”

ಯಾರೂ ಇಲ್ಲ. ಹೇಳುವುದನ್ನೆಲ್ಲ ಮೇಜಿನ ಮೇಲೇ ಹೇಳಿ ಕಳಿಸಿರುತ್ತೇವೆ.

ಮುಂಬೈನಿಂದ ಪಶ್ಚಿಮಕ್ಕೆ ಸುಮಾರು 160 ಕಿಲೋಮೀಟರ್ ದೂರದಲ್ಲಿ, 75 ಮೀಟರಿನ ಆಸುಪಾಸು ಆಳದ ಸಮುದ್ರದಲ್ಲಿ ಮುಂಬೈ ಹೈ ಇದೆ. 1974ರ ಫೆಬ್ರವರಿಯಲ್ಲಿ ‘ಸಾಗರ್ ಸಮ್ರಾಟ್’ ರಿಗ್ ಕೊರೆದ ಬಾವಿಯಲ್ಲಿ ಎಣ್ಣೆ ಸಿಕ್ಕಿತು, 1976ರ ಮೇ ತಿಂಗಳಲ್ಲಿ ಉತ್ಪಾದನೆ ಶುರುವಾಯಿತು. ಹೊಸ ಬಾವಿಯಲ್ಲಿ ಎಣ್ಣೆ ತನ್ನಷ್ಟಕ್ಕೆ ಮೇಲೆ ಬರುತ್ತದೆ, ಕೆಳಗಿನ ಬಂಡೆಯ ಒತ್ತಡವೇ ದೂಡುತ್ತದೆ. ವರ್ಷಗಳು ಕಳೆದಂತೆ ಆ ಒತ್ತಡ ಇಳಿಯುತ್ತದೆ, ಎಣ್ಣೆಯ ಜೊತೆ ನೀರು ಹೆಚ್ಚುತ್ತದೆ, ಕೊಳವೆಯೊಳಗಿನ ದ್ರವದ ಭಾರವನ್ನು ಬಂಡೆ ಎತ್ತಲಾರದೆ ಹೋಗುತ್ತದೆ. ಆಗ ಇರುವ ಉಪಾಯಗಳಲ್ಲಿ ಒಂದು, ಆ ಭಾರವನ್ನೇ ಕಡಿಮೆ ಮಾಡುವುದು. ಬಾವಿಯಲ್ಲಿ ಒಂದರೊಳಗೊಂದು ಕೊಳವೆ ಇರುತ್ತವೆ. ಹೊರಗಿನದು ಕೇಸಿಂಗ್, ಒಳಗಿನದು ಟ್ಯೂಬಿಂಗ್. ಎರಡರ ನಡುವಿನ ಸಂದಿಗೆ ಮೇಲಿನಿಂದ ಕಂಪ್ರೆಸರ್ ಗ್ಯಾಸ್ ದೂಡಿ, ಅದು ತಳದ ಹತ್ತಿರ ಟ್ಯೂಬಿಂಗಿನೊಳಗೆ ನುಗ್ಗುವಂತೆ ಮಾಡಿದರೆ ಎಣ್ಣೆ ಗುಳ್ಳೆಗುಳ್ಳೆಯಾಗಿ ಹಗುರಾಗುತ್ತದೆ, ಮತ್ತೆ ಮೇಲೆ ಹರಿಯುತ್ತದೆ. ಇದೇ ಗ್ಯಾಸ್ ಲಿಫ್ಟ್. ಮುಂಬೈ ಹೈನ ಬಹುಪಾಲು ಬಾವಿಗಳು ಇದರ ಮೇಲೆಯೇ ನಡೆಯುತ್ತವೆ.

ಕೇಳಲು ಸುಲಭ. ತೊಡಕು ಬರುವುದು ಬಾವಿಯನ್ನು ಚಾಲೂ ಮಾಡುವಾಗ. ದುರಸ್ತಿ ಮುಗಿದ ಬಾವಿಯ ಆ ಸಂದಿಯಲ್ಲಿ ಉಪ್ಪುನೀರು ತುಂಬಿರುತ್ತದೆ. ಸಾವಿರ ಮೀಟರ್ ನೀರಿನ ಕಂಬ ತಳದಲ್ಲಿ 1,400 ಪಿಎಸ್‌ಐಗೂ (ಚದರ ಇಂಚಿಗೆ ಇಷ್ಟು ಪೌಂಡ್ ಎಂಬ ಅಳತೆ) ಹೆಚ್ಚು ಒತ್ತುತ್ತದೆ. ಕಂಪ್ರೆಸರ್ ಕೊಡುವ ಗ್ಯಾಸು ಸಾವಿರದ ಆಸುಪಾಸು ಎಂದಿಟ್ಟುಕೊಳ್ಳಿ. ಸಾಲುವುದಿಲ್ಲ. ಅದಕ್ಕೇ ತಳದಲ್ಲಿ ಒಂದು ತೂತು ಬಿಟ್ಟರೆ ಆಗುವ ಕೆಲಸವಲ್ಲ ಇದು. ಮೇಲಿನಿಂದ ಕೆಳಗೆ ಅಲ್ಲಲ್ಲಿ ವಾಲ್ವ್ ಕೂರಿಸುತ್ತಾರೆ. ಗ್ಯಾಸ್ ನೀರನ್ನು ತಳ್ಳುತ್ತ ಮೊದಲನೆಯ ವಾಲ್ವಿಗೆ ಬರುತ್ತದೆ, ಒಳಗೆ ನುಗ್ಗುತ್ತದೆ, ಅಲ್ಲಿಂದ ಮೇಲಿನ ದ್ರವ ಹಗುರಾಗುತ್ತದೆ. ಒಳಗಿನ ಒತ್ತಡ ಇಳಿದದ್ದರಿಂದ ಸಂದಿಯ ನೀರು ಇನ್ನಷ್ಟು ಕೆಳಗಿಳಿದು ಎರಡನೆಯ ವಾಲ್ವ್ ಬಯಲಾಗುತ್ತದೆ. ಅದು ಗ್ಯಾಸ್ ಎಳೆಯತೊಡಗಿದ ಕೂಡಲೇ ಮೊದಲನೆಯದು ಮುಚ್ಚಿಕೊಳ್ಳಬೇಕು. ಹೀಗೆ ಒಂದೊಂದೇ ಮೆಟ್ಟಿಲು ಇಳಿದು ಕೊನೆಗೆ ತಳದ್ದೊಂದೇ ಕೆಲಸ ಮಾಡಬೇಕು, ಮೇಲಿನವೆಲ್ಲ ಗಪ್ ಚುಪ್ ಇರಬೇಕು.

ಈ ಸರದಿಯನ್ನು ಕಾಪಾಡುವುದು ವಾಲ್ವಿನ ಹೊಟ್ಟೆಯಲ್ಲಿ ನಾವು ತುಂಬಿದ ನೈಟ್ರೋಜನ್. ಹುಡುಗನಿಗೆ ನಾನು ಗೋಲಿ ಸೋಡಾ ನೆನಪಿಸಿದೆ. ಸೋಡಾ ಬಾಟಲಿಯ ಬಾಯಿ ಮುಚ್ಚಿರುವುದು ಬಿರಡೆಯಲ್ಲ, ಒಳಗಿನ ಗ್ಯಾಸು. ಅದು ಗೋಲಿಯನ್ನು ರಬ್ಬರಿಗೆ ಒತ್ತಿ ಹಿಡಿದಿರುತ್ತದೆ. ತೆರೆಯಬೇಕಾದರೆ ಅದನ್ನು ಮೀರುವಷ್ಟು ಹೆಬ್ಬೆರಳಿನಲ್ಲಿ ಅದುಮಬೇಕು. ಇಲ್ಲಿ ಗೋಲಿಯ ಜಾಗದಲ್ಲಿ ಟಂಗ್‌ಸ್ಟನ್ ಕಾರ್ಬೈಡಿನ ಪುಟ್ಟ ಗುಂಡು, ಅದನ್ನು ಸೀಟಿಗೆ ಒತ್ತಿ ಹಿಡಿಯುವುದು ನೈಟ್ರೋಜನ್, ಹೆಬ್ಬೆರಳಿನ ಕೆಲಸ ಮಾಡುವುದು ಕೇಸಿಂಗಿನ ಗ್ಯಾಸು. ಇವೆರಡರ ನಡುವೆ ಸುಕ್ಕುಸುಕ್ಕಾದ ತೆಳು ಲೋಹದ ಬೆಲ್ಲೋಸ್ ಇದೆ. ಹೊರಗಿನ ಗ್ಯಾಸ್ ಗೆದ್ದರೆ ಬೆಲ್ಲೋಸ್ ಕುಗ್ಗಿ ಗುಂಡು ಮೇಲೇಳುತ್ತದೆ, ಸೋತರೆ ಕೂರುತ್ತದೆ. ಒಂದೂವರೆ ಇಂಚಿನ ವಾಲ್ವಿನ ಬೆಲ್ಲೋಸ್ ಬರೀ 0.77 ಚದರ ಇಂಚು. ಅದರ ಮೇಲೆ 800 ಪಿಎಸ್‌ಐ ಎಂದರೆ ಸುಮಾರು 280 ಕಿಲೋ ಭಾರ. ಟ್ಯೂಬಿಂಗಿನ ಎಣ್ಣೆಯೂ ಕೆಳಗಿನ ರಂಧ್ರದಿಂದ ಗುಂಡನ್ನು ಅಷ್ಟಿಷ್ಟು ನೂಕುತ್ತದೆ. ಆದರೆ ಕಾಲಿಂಚಿನ ರಂಧ್ರವಾದರೆ ಅದರ ಪಾಲು ನೂರಕ್ಕೆ ಆರೇಳರಷ್ಟು ಮಾತ್ರ. ಉಳಿದ ತೀರ್ಮಾನವೆಲ್ಲ ಕೇಸಿಂಗಿನ ಗ್ಯಾಸಿನದ್ದು. ಈ ಬೆಲ್ಲೋಸ್ ವಾಲ್ವಿಗೆ ಅಮೆರಿಕದ ಡಬ್ಲ್ಯೂ. ಆರ್. ಕಿಂಗ್ ಎಂಬಾತನಿಗೆ 1944ರಲ್ಲಿ ಪೇಟೆಂಟ್ ಸಿಕ್ಕಿತು. ಇವತ್ತು ಬಾವಿಗೆ ಇಳಿಯುವುದೂ ಮೂಲದಲ್ಲಿ ಅದೇ.

ನೈಟ್ರೋಜನ್ನಿಗೆ ಒಂದು ಗುಣವಿದೆ. ಬಿಸಿಯಾದರೆ ಅದರ ಒತ್ತಡ ಏರುತ್ತದೆ. ಮೇಜಿನ ಮೇಲೆ 800 ಪಿಎಸ್‌ಐ ತುಂಬಿದ ವಾಲ್ವ್ 82 ಡಿಗ್ರಿ ಸೆಲ್ಸಿಯಸ್ ಇರುವ ಆಳಕ್ಕೆ ಹೋದರೆ ಅದೇ ನೈಟ್ರೋಜನ್ ಸುಮಾರು 1,000 ಆಗಿರುತ್ತದೆ. ಆದ್ದರಿಂದ ಪ್ರತಿ ವಾಲ್ವ್ ಕೂರುವ ಜಾಗದ ಶಾಖ ಎಷ್ಟು ಎಂದು ಎಂಜಿನಿಯರರು ಮೊದಲೇ ಲೆಕ್ಕ ಹಾಕಿ, ಹಿಂದಕ್ಕೆ ಎಣಿಸಿ, ಮೇಜಿನ ಮೇಲಿನ ಅಂಕಿಯನ್ನು ಬರೆದು ಕೊಡುತ್ತಾರೆ. ಎಲ್ಲರ ಅಂಕಿಯೂ ಒಂದೇ ಅರ್ಥ ಕೊಡಬೇಕಲ್ಲ, ಅದಕ್ಕೆ ಜಗತ್ತಿನಾದ್ಯಂತ ಒಂದು ರೂಢಿ: ಅಳತೆ 60 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ, ಅಂದರೆ 15.6 ಸೆಲ್ಸಿಯಸ್‌ನಲ್ಲಿ. ವರ್ಕ್‌ಶಾಪಿನಲ್ಲಿ ಇದಕ್ಕಾಗಿಯೇ ತಣ್ಣೀರಿನ ತೊಟ್ಟಿ ಇರುತ್ತದೆ. ಮುಂಬೈನ ಮೇ ತಿಂಗಳ ಸೆಕೆಯಲ್ಲಿ ಆ ತಂಪು ಸಿಗುತ್ತಿದ್ದದ್ದು ವಾಲ್ವ್‌ಗಳಿಗೆ ಮಾತ್ರ, ನಮಗಲ್ಲ.

ಕೆಲಸದ ಕ್ರಮ ಹೀಗೆ. ಬಾಲದ ಪ್ಲಗ್ ಬಿಚ್ಚಿದರೆ ಒಳಗೆ ಟಯರಿನ ವಾಲ್ವಿನಂಥದ್ದೇ ಸಣ್ಣ ಪಿನ್ನು. ಅದರ ಮೂಲಕ ನೈಟ್ರೋಜನ್ ತುಂಬುವುದು. ತೊಟ್ಟಿಯಲ್ಲಿ ಮುಳುಗಿಸಿ ಮೈಯೆಲ್ಲ ಸಮನಾಗಿ ತಣ್ಣಗಾಗುವವರೆಗೆ ಕಾಯುವುದು. ಟೆಸ್ಟರಿಗೆ ಹಾಕಿ ಗ್ಯಾಸನ್ನು ಮೆಲ್ಲಗೆ ಏರಿಸಿ ಯಾವ ಒತ್ತಡದಲ್ಲಿ ತೆರೆಯಿತು ಎಂದು ನೋಡುವುದು. ಹೆಚ್ಚಿದ್ದರೆ ಪಿನ್ನು ಒತ್ತಿ ಒಂದು ಚೂರು ಬಿಡುವುದು, ಮತ್ತೆ ನೋಡುವುದು. ಆಮೇಲೆ ನೀರು ತುಂಬಿದ ಉಕ್ಕಿನ ಕೋಣೆಯಲ್ಲಿಟ್ಟು ಬಾವಿಯ ಆಳದ ಒತ್ತಡವನ್ನು ಮತ್ತೆ ಮತ್ತೆ ಹೇರುವುದು. ಹೊಸ ಬೆಲ್ಲೋಸ್ ಒಂದಿಷ್ಟು ಕೂರುತ್ತದೆ, ಕೂತ ಮೇಲೆ ಅಂಕಿ ಬದಲಾಗುತ್ತದೆ, ತಿರುಗಿ ತೊಟ್ಟಿಗೆ. ಇದರಲ್ಲಿ ಜಾಣತನಕ್ಕಿಂತ ಕಾಯುವ ಸಂಯಮ ಮುಖ್ಯ. ಬಾವಿಯ ತಳಕ್ಕೆ ಹೋದ ಮೇಲೆ ಆ ಅಂಕಿಯನ್ನು ತಿದ್ದಲು ಸಾಧ್ಯವಿಲ್ಲ.

ಕಾಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಾನೇ ಕಂಡದ್ದೊಂದಿದೆ. ಒಂದು ಬಾವಿ ವಾಲ್ವ್ ಬದಲಾಯಿಸಿದ ಮೇಲೆ ಮೊದಲಿಗಿಂತ ಹೆಚ್ಚು ಗ್ಯಾಸ್ ಕುಡಿಯತೊಡಗಿತು, ಎಣ್ಣೆ ಮಾತ್ರ ಕಡಿಮೆಯಾಯಿತು. ಬಾವಿಯ ಬಾಯಲ್ಲಿ ಎರಡು ಪೆನ್ನಿನ ಚಾರ್ಟ್ ಇಡುತ್ತಿದ್ದ ಕಾಲ. ದುಂಡನೆಯ ಕಾಗದ ದಿನಕ್ಕೊಂದು ಸುತ್ತು ತಿರುಗುತ್ತದೆ, ಒಂದು ಪೆನ್ನು ಕೇಸಿಂಗಿನ ಒತ್ತಡ ಗೀಚುತ್ತದೆ, ಇನ್ನೊಂದು ಟ್ಯೂಬಿಂಗಿನದು. ಚಾರ್ಟಿನಲ್ಲಿ ಕೇಸಿಂಗಿನ ಗೆರೆ ಇರಬೇಕಾದದ್ದಕ್ಕಿಂತ ಕೆಳಗಿತ್ತು. ಮೇಲಿನ ಯಾವುದೋ ವಾಲ್ವ್ ಮುಚ್ಚದೆ ಗ್ಯಾಸನ್ನು ಅರ್ಧ ದಾರಿಯಲ್ಲೇ ಒಳಗೆ ಬಿಡುತ್ತಿದೆ ಎಂದು ಅರ್ಥ. ಎಳೆದು ತರಿಸಿ ತೊಟ್ಟಿಯಲ್ಲಿಟ್ಟು ಅಳೆದರೆ ಹಾಳೆಯಲ್ಲಿ 800, ನಿಜದಲ್ಲಿ 760. ಹೊರಗುತ್ತಿಗೆಯ ವರ್ಕ್‌ಶಾಪಿನಲ್ಲಿ ಯಾರೋ ಅವಸರಕ್ಕೆ ಬಿದ್ದು, ವಾಲ್ವಿನ ಮೈ ಇನ್ನೂ 30 ಡಿಗ್ರಿ ಇದ್ದಾಗಲೇ ಅಳೆದು ಸಹಿ ಹಾಕಿದ್ದರು. ಒಂದು ವಾಲ್ವಿಗೂ ಮುಂದಿನದಕ್ಕೂ ಇಡುವ ಅಂತರವೇ ಎಷ್ಟೋ ಸಲ 20 ಪಿಎಸ್‌ಐ. ಅಂಥಲ್ಲಿ 40 ತಪ್ಪಿದರೆ ಸರದಿ ಎಲ್ಲಿ ಉಳಿಯಿತು?

ಎಳೆದು ತರುವುದೂ ಸಣ್ಣ ಕೆಲಸವಲ್ಲ. ಟ್ಯೂಬಿಂಗಿನ ಪಕ್ಕಕ್ಕೆ ಜೇಬಿನ ಹಾಗೆ ಮಾಡಿದ ಜಾಗದಲ್ಲಿ ವಾಲ್ವ್ ಕೂತಿರುತ್ತದೆ, ಎಣ್ಣೆಯ ದಾರಿಗೆ ಅಡ್ಡ ಬಾರದಂತೆ. 2.7 ಮಿಲಿಮೀಟರ್ ದಪ್ಪದ ಒಂದೇ ಎಳೆ ತಂತಿಗೆ ಟೂಲುಗಳನ್ನು ಕಟ್ಟಿ ಇಳಿಬಿಡುತ್ತಾರೆ. ಕಿಕ್‌ಓವರ್ ಟೂಲ್ ಆ ಜೇಬಿನೆದುರು ಮೊಣಕೈ ಮಡಿಸಿ ಪಕ್ಕಕ್ಕೆ ವಾಲಿ ವಾಲ್ವಿನ ತಲೆ ಹಿಡಿಯುತ್ತದೆ. ಮೇಲಿರುವ ಆಪರೇಟರ್‌ಗೆ ಕಾಣುವುದು ತೂಕದ ಮುಳ್ಳು ಮಾತ್ರ. ಒಳ್ಳೆಯ ಆಪರೇಟರ್ ಆ ಮುಳ್ಳಿನ ನಡುಕ ನೋಡಿಯೇ ಕಚ್ಚಿತೋ ಜಾರಿತೋ ಹೇಳುತ್ತಾನೆ. ಮಳೆಗಾಲದಲ್ಲಿ ಈ ತಂಡ ಪ್ಲಾಟ್‌ಫಾರ್ಮ್ ತಲುಪುವುದೇ ಕಷ್ಟ. ಅಲ್ಲಿಯವರೆಗೆ ಬಾವಿ ಕುಂಟುತ್ತಿರುತ್ತದೆ.

ಗ್ಯಾಸ್ ಲಿಫ್ಟಿನ ಬೆಲೆ ಬರೀ ಲೆಕ್ಕಪತ್ರದ್ದಲ್ಲ. 2005ರ ಜುಲೈ 27ರಂದು, ಗಾಯಗೊಂಡ ಅಡುಗೆಯವನನ್ನು ದಾಟಿಸಲು ಮುಂಬೈ ಹೈ ನಾರ್ತ್ ಪ್ಲಾಟ್‌ಫಾರ್ಮಿನ ಪಕ್ಕಕ್ಕೆ ಬಂದ ಹಡಗು ಅಲೆಗೆ ಎದ್ದು ಬಡಿದದ್ದು ಗ್ಯಾಸ್ ಲಿಫ್ಟಿನ ರೈಸರ್ ಕೊಳವೆಗೆ. ಸೋರಿದ ಗ್ಯಾಸಿಗೆ ಬೆಂಕಿ ಹತ್ತಿ ಸುಮಾರು ಎರಡು ಗಂಟೆಯಲ್ಲಿ ಪ್ಲಾಟ್‌ಫಾರ್ಮ್ ಕುಸಿಯಿತು. 22 ಜೀವ ಹೋದವು.

ಮೇಲೆ ಹೀಗಾದಾಗ ಬಾವಿಯನ್ನು ಒಳಗಿನಿಂದಲೇ ಮುಚ್ಚಲು ಇನ್ನೊಂದು ವಾಲ್ವ್ ಇರುತ್ತದೆ, ಸಮುದ್ರತಳಕ್ಕಿಂತ ಕೆಳಗೆ. ಅದರ ತರ್ಕ ತಿರುಗಾಮುರುಗಾ. ಕಾಲಿಂಚಿನ ಉಕ್ಕಿನ ನಾಳದಲ್ಲಿ ಮೇಲಿನಿಂದ ಹೈಡ್ರಾಲಿಕ್ ಎಣ್ಣೆಯ ಒತ್ತಡ ಕೊಡುತ್ತಿದ್ದರಷ್ಟೇ ಅದು ತೆರೆದಿರುತ್ತದೆ. ನಾಳ ಒಡೆದರೂ ಸೈ, ಪ್ಲಾಟ್‌ಫಾರ್ಮೇ ಬಿದ್ದರೂ ಸೈ, ಒತ್ತಡ ಹೋದ ಕೂಡಲೇ ಸ್ಪ್ರಿಂಗ್ ಮೇಲಕ್ಕೆ ಚಿಮ್ಮಿ ಮುಚ್ಚಳ ಬೀಳುತ್ತದೆ. ಆದರೆ ಅದು ಸರಿಯಾಗಿ ಕೂತಿರಬೇಕು. 1977ರ ಏಪ್ರಿಲ್ 22ರಂದು ನಾರ್ವೆಯ ಏಕೋಫಿಸ್ಕ್ ಕ್ಷೇತ್ರದ ಬ್ರಾವೋ ಪ್ಲಾಟ್‌ಫಾರ್ಮಿನಲ್ಲಿ ದುರಸ್ತಿಗೆಂದು ಬಾವಿಯ ತಲೆಯ ವಾಲ್ವ್‌ಗಳನ್ನು ಬಿಚ್ಚಿದ್ದರು. ಒಳಗಿನ ಸುರಕ್ಷತಾ ವಾಲ್ವ್ ತನ್ನ ಜಾಗದಲ್ಲಿ ಲಾಕ್ ಆಗಿರಲಿಲ್ಲ. ಎಣ್ಣೆ ಅದನ್ನೂ ತಳ್ಳಿಕೊಂಡು ಚಿಮ್ಮಿತು, ನಿಲ್ಲಿಸಲು ಎಂಟು ದಿನ ಬೇಕಾಯಿತು. ಯಾರೂ ಸಾಯಲಿಲ್ಲ ಎಂಬುದೊಂದೇ ಸಮಾಧಾನ.

ಈ ಸುರಕ್ಷತಾ ವಾಲ್ವನ್ನು ಆರು ತಿಂಗಳಿಗೊಮ್ಮೆಯಾದರೂ ಮುಚ್ಚಿ ನೋಡಬೇಕೆಂದು ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್ ಶಿಫಾರಸು ಮಾಡಿದೆ. ಮುಚ್ಚಿದ ಮೇಲೆ ನಿಮಿಷಕ್ಕೆ 400 ಮಿಲಿಲೀಟರಿಗಿಂತ ಹೆಚ್ಚು ದ್ರವ ಸೋರಿದರೆ ಅದು ನಪಾಸು. ಪರೀಕ್ಷೆಯ ಹೊತ್ತಿಗೆ ಬಾವಿ ನಿಲ್ಲಿಸಬೇಕು, ಆ ಹೊತ್ತಿನ ಎಣ್ಣೆಯನ್ನು ದಿನದ ವರದಿಯಲ್ಲಿ ‘ಉತ್ಪಾದನಾ ನಷ್ಟ’ ಎಂದು ಬರೆಯುವ ಪದ್ಧತಿ ನಾನು ಕಂಡ ಕಡೆಯೆಲ್ಲ ಇತ್ತು. ಮೇಲಧಿಕಾರಿ ಆ ಸಾಲು ನೋಡಿ ಹುಬ್ಬು ಗಂಟಿಕ್ಕಿದರೆ ಮುಂದಿನ ಸಲ ಪರೀಕ್ಷೆ ಎರಡು ವಾರ ಮುಂದಕ್ಕೆ ಹೋಗುತ್ತದೆ. ಆ ಹೊತ್ತನ್ನು ನಷ್ಟದ ಲೆಕ್ಕದಿಂದ ತೆಗೆದು ಬಾವಿಯ ಖರ್ಚಿಗೆ ಸೇರಿಸಬೇಕು, ತೊಟ್ಟಿಯ ಮುಂದೆ ಕಾಯುವವನ ಹೊತ್ತನ್ನೂ ಅದಕ್ಕೇ ಸೇರಿಸಬೇಕು.