ಮುಂಬಯಿ ಸೇರದ ಹಡಗು

1915ರ ಡಿಸೆಂಬರ್ 30. ಮಧ್ಯಾಹ್ನ ಒಂದು ಗಂಟೆ. ಕ್ರೀಟ್ ದ್ವೀಪದ ತೆಂಕಣ ಕಡಲಲ್ಲಿ ‘ಪರ್ಷಿಯಾ’ ಪೂರ್ವಕ್ಕೆ ಮುಖ ಮಾಡಿ ಸಾಗಿದೆ. ಪಿ ಅಂಡ್ ಒ ಕಂಪನಿಯ ಈ ಹಡಗು ಲಂಡನ್ ಬಳಿಯ ಟಿಲ್ಬರಿ ಬಿಟ್ಟು ಹನ್ನೆರಡು ದಿನವಾಯಿತು. ಇನ್ನು ಸೂಯೆಜ್ ದಾಟಿ ಮುಂಬಯಿ ಮುಟ್ಟಬೇಕು. ಒಳಗಿರುವುದು 519 ಜೀವ.

ಊಟದ ಹೊತ್ತು. ಪ್ರಯಾಣಿಕರು ಮೇಜಿಗೆ ಬಂದು ಕೂರುತ್ತಿದ್ದಾರೆ. ಅವರಲ್ಲಿ ಭಾರತ ಸರ್ಕಾರಕ್ಕೆ ಮೋಟಾರು ಸಾರಿಗೆಯ ಸಲಹೆಗಾರರಾಗಿ ಹೊರಟ ಲಾರ್ಡ್ ಮಾಂಟೆಗ್ಯೂ ಇದ್ದಾರೆ; ಜೊತೆಗೆ ಅವರ ಕಾರ್ಯದರ್ಶಿ ಎಲಿನಾರ್ ಥಾರ್ನ್‌ಟನ್. ರೋಲ್ಸ್ ರಾಯ್ಸ್ ಕಾರಿನ ಮುಂದೆ ತೋಳು ಚಾಚಿ ಬಾಗಿದ ಆ ಪುಟ್ಟ ಬೊಂಬೆಗೆ ರೂಪದರ್ಶಿಯಾಗಿದ್ದವಳು ಈಕೆಯೇ ಎಂದು ಹಲವರು ನಂಬುತ್ತಾರೆ.

ಆ ಊಟದ ಮನೆಯ ಅಡಿಯಲ್ಲಿ ಇನ್ನೊಂದು ಲೋಕವಿದೆ. ಪಿ ಅಂಡ್ ಒ ಹಡಗುಗಳನ್ನು ನಡೆಸುತ್ತಿದ್ದವರಲ್ಲಿ ಬಹುಪಾಲು ನಮ್ಮ ನೆಲದವರೇ. ಡೆಕ್ಕಿನಲ್ಲಿ ಹಗ್ಗ ಎಳೆಯುವ ಲಸ್ಕರರು, ತಟ್ಟೆ ಹಿಡಿದು ಓಡಾಡುವ ಗೋವೆಯವರು, ಬಾಯ್ಲರಿನ ಬೆಂಕಿಬಾಯಿಗೆ ಕಲ್ಲಿದ್ದಲು ತುಂಬುವ ಬೆವರಿನ ಮೈಗಳು. ಕಡಲಿನ ಮಟ್ಟಕ್ಕಿಂತ ಕೆಳಗಿರುವ ಬಾಯ್ಲರ್ ಕೋಣೆಯವರಿಗೆ ಹಗಲು ಕಾಣದು; ಸದ್ದು ಮಾತ್ರ ಕೇಳುತ್ತದೆ.

ಒಂದು ಗಂಟೆ ಹತ್ತು ನಿಮಿಷಕ್ಕೆ ಆ ಸದ್ದು ಬಂತು. ಜರ್ಮನಿಯ ಯು-38 ಜಲಾಂತರ್ಗಾಮಿಯ ಟಾರ್ಪಿಡೊ ಎಡಮಗ್ಗುಲಿಗೆ ಬಡಿಯಿತು. ಬೆನ್ನಿಗೇ ಬಾಯ್ಲರ್ ಸಿಡಿಯಿತು. ಹಡಗು ಎಡಕ್ಕೆ ವಾಲುತ್ತ ಹೋದಂತೆ ಬಲಬದಿಯ ಲೈಫ್‌ಬೋಟುಗಳನ್ನು ಇಳಿಸುವುದೇ ಅಸಾಧ್ಯವಾಯಿತು. ಐದರಿಂದ ಹತ್ತು ನಿಮಿಷ, ಅಷ್ಟೇ. ಆ ಹೊತ್ತಿನಲ್ಲಿ ಕಬ್ಬಿಣದ ಏಣಿ ಹತ್ತಿ ಮೇಲೆ ಬರಲು ಬಾಯ್ಲರ್ ಕೋಣೆಯವರಲ್ಲಿ ಎಷ್ಟು ಮಂದಿಗೆ ಸಾಧ್ಯವಾದೀತು?

ಪ್ರಯಾಣಿಕರ ಹಡಗುಗಳನ್ನು ಎಚ್ಚರಿಕೆ ಕೊಡದೆ ಮುಳುಗಿಸುವುದಿಲ್ಲವೆಂದು ಜರ್ಮನಿ ಕೆಲವೇ ತಿಂಗಳ ಹಿಂದೆ ಅಮೆರಿಕಕ್ಕೆ ಮಾತು ಕೊಟ್ಟಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ ಜರ್ಮನಿಯ ಟಾರ್ಪಿಡೊಗೆ ‘ಲುಸಿಟಾನಿಯಾ’ ಪ್ರಯಾಣಿಕರ ಹಡಗು ಮುಳುಗಿ ಜಗತ್ತು ಕುದಿದಿತ್ತು. ಆದರೂ ಯು-38ರ ಕ್ಯಾಪ್ಟನ್ ಮ್ಯಾಕ್ಸ್ ವ್ಯಾಲೆಂಟಿನರ್ ಮುನ್ಸೂಚನೆ ಕೊಡಲಿಲ್ಲ. ಇದು ಕೊಲೆ, ಬೇರೆ ಹೆಸರು ನನಗೆ ತೋಚುವುದಿಲ್ಲ.

ಸತ್ತವರು 343 ಮಂದಿ. ಎಲಿನಾರ್ ಉಳಿಯಲಿಲ್ಲ. ಮಾಂಟೆಗ್ಯೂ ಮಗುಚಿದ ದೋಣಿಯೊಂದಕ್ಕೆ ಅಂಟಿಕೊಂಡರು. ಡಿಸೆಂಬರಿನ ಆ ರಾತ್ರಿ, ಅದೇ ದೋಣಿಯನ್ನು ಹಿಡಿದಿದ್ದವರು ಒಬ್ಬೊಬ್ಬರಾಗಿ ಕೈ ಸಡಿಲಿಸಿ ನೀರಿಗೆ ಜಾರಿದರು. ಇನ್ನೊಂದು ಹಡಗು ಬಂದು ಎತ್ತಿಕೊಳ್ಳುವ ಹೊತ್ತಿಗೆ ಒಂದು ದಿನಕ್ಕಿಂತ ಹೆಚ್ಚು ಕಳೆದಿತ್ತು. ಅವರು ಬದುಕಿದ ಸುದ್ದಿ ಮುಟ್ಟುವ ಮೊದಲೇ ಊರಿನ ಪತ್ರಿಕೆಗಳಲ್ಲಿ ಅವರ ಮರಣವಾರ್ತೆ ಅಚ್ಚಾಗಿತ್ತು. ದೋಣಿಯಿಂದ ಜಾರಿದ ಲಸ್ಕರರ ಬಗ್ಗೆ ಕೊಂಕಣದ ಮನೆಗೆ, ಪಂಜಾಬಿನ ಹಳ್ಳಿಗೆ ಸುದ್ದಿ ಯಾವಾಗ ಮುಟ್ಟಿತೋ.

ಇದೇ ಹಡಗಿನಲ್ಲಿದ್ದ ಕಪೂರ್ಥಲದ ಮಹಾರಾಜ ಜಗತ್ಜಿತ್ ಸಿಂಗ್ ದಾಳಿಗೆ ಮೊದಲೇ ಮಾರ್ಸೇಲ್ಸ್‌ನಲ್ಲಿ ಇಳಿದುಬಿಟ್ಟಿದ್ದರು. ಅವರ ಒಡವೆಗಳು ಹಡಗಿನಲ್ಲೇ ಉಳಿದಿದ್ದವು. ಸುಮಾರು ಮೂರು ಸಾವಿರ ಮೀಟರ್ ಆಳದಿಂದ ಮಾಣಿಕ್ಯಗಳನ್ನು 2003ರಲ್ಲಿ ಯಂತ್ರದ ಕೈಗಳು ಹೆಕ್ಕಿ ತಂದವು. ಇಂಗ್ಲೆಂಡಿನ ಬಕ್ಲರ್ಸ್ ಹಾರ್ಡ್ ಮ್ಯೂಸಿಯಂನಲ್ಲಿ ಪರ್ಷಿಯಾದ ವಸ್ತುಗಳನ್ನು ಜನ ನೋಡಬಹುದು.

ಮುಂಬಯಿಯ ಮಸ್ಜಿದ್ ಬಂದರಿನಲ್ಲಿ, ಇಂಡಿಯನ್ ಸೈಲರ್ಸ್ ಹೋಮ್‌ನಲ್ಲಿ, ಮೊದಲ ಮಹಾಯುದ್ಧದಲ್ಲಿ ಸತ್ತು ಕಡಲನ್ನು ಬಿಟ್ಟರೆ ಬೇರೆ ಗೋರಿಯಿಲ್ಲದ ಎರಡು ಸಾವಿರಕ್ಕೂ ಹೆಚ್ಚು ನಾವಿಕರ ಸ್ಮಾರಕವಿದೆ. ‘ಪರ್ಷಿಯಾ’ ತಲುಪಬೇಕಿದ್ದ ಊರು ಅದೇ.