ಪ್ಯಾಕೆಟ್ ಊಟ ಕೊಳ್ಳುವ ಮುನ್ನ ಹಿಂಬದಿ ತಿರುಗಿಸಿ

ರಮಝಾನಿನ ಸಂಜೆ. ಕೆಲಸಕ್ಕೆ ಹೋಗುವ ಹೆಣ್ಣುಮಗಳು ಮನೆ ಸೇರುವಾಗ ಐದೂವರೆ ಆಗಿರುತ್ತದೆ. ಇಫ್ತಾರ್‌ಗೆ ಉಳಿದಿರುವುದು ಗಂಟೆಗೂ ಸ್ವಲ್ಪ ಹೆಚ್ಚು. ಆಮೇಲೆ ತರಾವೀಹ್, ನಸುಕಿಗೆ ಮತ್ತೆ ಸಹರಿ. ಇಂತಹ ದಿನಗಳಲ್ಲಿ ಸೂಪರ್ ಮಾರ್ಕೆಟ್‌ನ ರೆಡಿಮೇಡ್ ಪರೋಟ, ನಗ್ಗೆಟ್ಸ್, ಬಿಸಿ ಮಾಡಿ ತಿನ್ನುವ ಪಲ್ಯದ ಪೊಟ್ಟಣ ಮನೆಗೆ ಬಂದರೆ ಅದರಲ್ಲಿ ನಾಚಿಕೊಳ್ಳುವಂಥದ್ದೇನೂ ಇಲ್ಲ. ಯಾವ ಪ್ಯಾಕೆಟ್ ಬರುತ್ತದೆ ಎಂಬುದನ್ನು ಮಾತ್ರ ನೋಡಬೇಕು.

ಅಲ್ಲಾಹನು ನಮಗೆ ಆದೇಶಿಸಿರುವುದು ಹಲಾಲ್ ಮತ್ತು ತಯ್ಯಿಬ್ ಆದುದನ್ನು ತಿನ್ನಲು. ಮೊದಲನೆಯದನ್ನು ನಾವು ವಿಚಾರಿಸುತ್ತೇವೆ. ಎರಡನೆಯದು, ಅಂದರೆ ಒಳ್ಳೆಯದು, ಶುದ್ಧವಾದದ್ದು ಎಂಬುದನ್ನು ಹೆಚ್ಚಿನವರು ಮರೆಯುತ್ತೇವೆ.

ಹಲಾಲ್ ವಿಷಯ ಮೊದಲು. ಮಾಂಸದ ಪ್ಯಾಕೆಟ್‌ನಲ್ಲಿ ಹಲಾಲ್ ಮುದ್ರೆಯ ಜೊತೆಗೆ ಅದನ್ನು ಕೊಟ್ಟ ಸಂಸ್ಥೆಯ ಹೆಸರೂ ಇದೆಯೇ ನೋಡಿ. ಮಾಂಸವಿಲ್ಲದ ತಿನಿಸುಗಳಲ್ಲಿ ಗೊಂದಲ ಹುಟ್ಟಿಸುವುದು ನಂಬರುಗಳು. 471 ಎಂಬುದು ಕೊಬ್ಬಿನಿಂದ ತಯಾರಿಸುವ ವಸ್ತು; ಕೊಬ್ಬು ಸಸ್ಯದ್ದೂ ಆಗಿರಬಹುದು, ಪ್ರಾಣಿಯದ್ದೂ ಆಗಿರಬಹುದು. ನೂಡಲ್ಸ್ ಮಸಾಲೆಗೆ ರುಚಿ ಕೊಡುವ 631 ಕೂಡ ಹಾಗೆಯೇ. ಆದರೆ ನಮ್ಮ ದೇಶದ ಪ್ಯಾಕೆಟ್‌ನಲ್ಲಿ ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಪ್ರಾಣಿಯ ಕೊಬ್ಬು, ಮಾಂಸದ ಅಂಶ ಅದರಲ್ಲಿ ಇರುವಂತಿಲ್ಲ. ಕಂದು ತ್ರಿಕೋನ ಕಂಡ ಕೂಡಲೇ ಗಾಬರಿಯೂ ಬೇಡ. ಮೊಟ್ಟೆ ಹಾಕಿದ್ದರೂ ಅದೇ ಗುರುತು ಇರುತ್ತದೆ. ಹಸಿರು ಚುಕ್ಕೆ ಮದ್ಯಸಾರದ ಬಗ್ಗೆ ಏನನ್ನೂ ಹೇಳುವುದಿಲ್ಲ. ಹಾಗಾಗಿ ವಿದೇಶಿ ಶೈಲಿಯ ಸಾಸ್ ಇರುವ ತಿನಿಸಾದರೆ ಪದಾರ್ಥಗಳ ಪಟ್ಟಿಯನ್ನು ಓದಲೇಬೇಕು. ಗಲ್ಫ್‌ನಿಂದ ಬಂದವರ ಪೆಟ್ಟಿಗೆಯಲ್ಲಿ ಸಿಗುವ ಸೂಪು, ನೂಡಲ್ಸ್ ಪ್ಯಾಕೆಟ್‌ಗಳಲ್ಲಿ ಈ ಚುಕ್ಕೆ ಇರದಿರಬಹುದು. ಅಲ್ಲಿ ಹಲಾಲ್ ಮುದ್ರೆಯನ್ನೇ ಹುಡುಕಬೇಕು.

ಇನ್ನು ತಯ್ಯಿಬ್. ಇಲ್ಲಿ ನನ್ನ ದೊಡ್ಡ ದೂರು ಉಪ್ಪಿನ ಮೇಲೆ. ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಪ್ಯಾಕೆಟ್‌ನಲ್ಲಿ ಅದು ಸೋಡಿಯಂ ಎಂಬ ಹೆಸರಿನಲ್ಲಿರುತ್ತದೆ. ದಿನದ ಮಿತಿ 2000 ಮಿಲಿಗ್ರಾಂ. ಒಂದು ನೂಡಲ್ಸ್ ಪ್ಯಾಕೆಟ್‌ನಲ್ಲಿ 100 ಗ್ರಾಂಗೆ 1200 ಮಿಲಿಗ್ರಾಂ ಸೋಡಿಯಂ ಎಂದು ಬರೆದಿದೆ ಎಂದುಕೊಳ್ಳಿ. 70 ಗ್ರಾಂನ ಒಂದೇ ಪ್ಯಾಕೆಟ್ ತಿಂದರೆ 840 ಮಿಲಿಗ್ರಾಂ, ಅಂದರೆ ಇಡೀ ದಿನದ ಪಾಲಿನಲ್ಲಿ ಶೇ. 42. ಬಿ.ಪಿ. ಇರುವ ತಂದೆ-ತಾಯಿ ಮನೆಯಲ್ಲಿದ್ದರೆ ಈ ಲೆಕ್ಕ ಅಂಗಡಿಯಲ್ಲೇ ಆಗಬೇಕು. ಸಹರಿಗೆ ಇದನ್ನು ತಿಂದವರಿಗೆ ಮಧ್ಯಾಹ್ನದ ಹೊತ್ತಿಗೆ ಗಂಟಲು ಒಣಗುವುದೂ ಇದೇ ಕಾರಣಕ್ಕೆ. ನೂಡಲ್ಸ್ ಬೇಕೇ ಬೇಕೆಂದು ಮಕ್ಕಳು ಹಟ ಹಿಡಿದರೆ ಮಸಾಲೆ ಪುಡಿಯನ್ನು ಅರ್ಧ ಮಾತ್ರ ಹಾಕಿ. ಉಪ್ಪಿನ ಹೆಚ್ಚು ಪಾಲು ಇರುವುದು ಆ ಪುಡಿಯಲ್ಲೇ.

ಪೌಷ್ಟಿಕಾಂಶದ ಪಟ್ಟಿಯನ್ನು ಓದುವಾಗ ಒಂದು ಜಾಣತನ ಗಮನಿಸಿ. ಎಷ್ಟೋ ಪೊಟ್ಟಣಗಳಲ್ಲಿ ಅಂಕಿಗಳು "ಒಂದು ಸಲ ಬಡಿಸುವ ಪ್ರಮಾಣ"ಕ್ಕೆ ಇರುತ್ತವೆ, ಪೊಟ್ಟಣದಲ್ಲಿ ಅಂಥ ಎರಡು ಅಥವಾ ಮೂರು ಪಾಲು ಇರುತ್ತದೆ. ನಾವು ತಿನ್ನುವುದು ಪೂರ್ತಿ ಪೊಟ್ಟಣವನ್ನೇ ತಾನೆ! ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ತೂಕದ್ದು ಮೊದಲು ಬರುತ್ತದೆ. ಎದುರಲ್ಲಿ ದೊಡ್ಡದಾಗಿ ಮಲ್ಟಿಗ್ರೇನ್ ಎಂದು ಬರೆದು, ಹಿಂದೆ ಮೊದಲ ಹೆಸರು "ರಿಫೈನ್ಡ್ ವೀಟ್ ಫ್ಲೋರ್" ಎಂದಿದ್ದರೆ ಅದು ಮೈದಾವೇ. ಚಿಕನ್ ತಿನಿಸಿನಲ್ಲಿ ಕೋಳಿ ಶೇಕಡಾ ಎಷ್ಟು ಎಂದು ನೋಡಿ. ಕೆಲವದರಲ್ಲಿ ಹಿಟ್ಟು, ಎಣ್ಣೆಯ ಪಾಲೇ ದೊಡ್ಡದು.

ಬಿಸಿ ಮಾಡಿ ತಿನ್ನುವ ಬೆಳ್ಳಿಬಣ್ಣದ ಪೊಟ್ಟಣಗಳ ಬಗ್ಗೆ ಅನೇಕರಿಗೆ ಅನಗತ್ಯ ಭಯವಿದೆ. ಫ್ರಿಜ್ಜಿಲ್ಲದೆ ತಿಂಗಳುಗಟ್ಟಲೆ ಉಳಿಯಬೇಕಾದರೆ ಏನೋ ವಿಷ ಹಾಕಿರಬೇಕು ಎಂಬ ಅನುಮಾನ. ವಾಸ್ತವದಲ್ಲಿ ಆಹಾರವನ್ನು ಪೊಟ್ಟಣದೊಳಗೆ ಮುಚ್ಚಿ, ಸುಮಾರು 120 ಡಿಗ್ರಿ ಶಾಖದಲ್ಲಿ ಒತ್ತಡದಡಿ ಬೇಯಿಸಿ ರೋಗಾಣುಗಳನ್ನು ಕೊಲ್ಲುತ್ತಾರೆ. ನಮ್ಮ ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಸೈನಿಕರಿಗಾಗಿ ಇದೇ ಬಗೆಯ ಊಟವನ್ನು ರೂಪಿಸಿದೆ. ಆದರೆ ಪೊಟ್ಟಣ ಉಬ್ಬಿದ್ದರೆ, ಸೋರುತ್ತಿದ್ದರೆ ರುಚಿ ನೋಡಲೂ ಹೋಗಬೇಡಿ, ಎಸೆಯಿರಿ.

ಫ್ರೋಜನ್ ತಿನಿಸುಗಳ ವಿಷಯದಲ್ಲಿ ನಿಜಕ್ಕೂ ಎಚ್ಚರ ಬೇಕು. ಅವು ಮೈನಸ್ 18 ಡಿಗ್ರಿಯಲ್ಲಿರಬೇಕು. ಪ್ಯಾಕೆಟ್ ಒಳಗೆ ದಪ್ಪ ಮಂಜು ಕಟ್ಟಿದ್ದರೆ, ತುಂಡುಗಳು ಒಂದಕ್ಕೊಂದು ಅಂಟಿ ಉಂಡೆಯಾಗಿದ್ದರೆ ನಡುವೆ ಎಲ್ಲೋ ಕರಗಿ ಮತ್ತೆ ಗಟ್ಟಿಯಾಗಿರುವ ಸಾಧ್ಯತೆ ಇದೆ. ಕರೆಂಟು ಹೋಗಿ ಬರುವ ಊರುಗಳಲ್ಲಿ ಇದು ಅಪರೂಪವಲ್ಲ. ಅವುಗಳನ್ನು ಕೊನೆಯಲ್ಲಿ ಕೊಂಡು ನೇರ ಮನೆಗೆ ಬನ್ನಿ. ನಗ್ಗೆಟ್ಸ್ ಹೊರಗೆ ಕೆಂಪಗಾಗಿದ್ದರೂ ಒಳಗೆ ಹಸಿಯಾಗಿರಬಹುದು. ಒಂದನ್ನು ಮುರಿದು, ನಡುವೆ ಹಬೆಯಾಡುತ್ತಿದೆಯೇ ಎಂದು ನೋಡಿದ ಮೇಲೆಯೇ ಮಕ್ಕಳಿಗೆ ಕೊಡಿ.

ಯಾವ ಪ್ಯಾಕೆಟ್ಟೂ ಪೂರ್ತಿ ಊಟವಲ್ಲ. ಕಡಲೆ ಅಥವಾ ರಾಜ್ಮಾ ಪೊಟ್ಟಣ ಬಿಸಿ ಮಾಡುವಷ್ಟರಲ್ಲಿ ಸೌತೆಕಾಯಿ ಹೆಚ್ಚಬಹುದು, ಮೊಸರು ಬಡಿಸಬಹುದು. ಅನ್ನ ಮನೆಯದೇ ಇರಲಿ. ಪೊಟ್ಟಣದ ಉಪ್ಪು ಅದರಲ್ಲಿ ಹಂಚಿಹೋಗುತ್ತದೆ. ಪರೋಟ ಎರಡರ ಬದಲು ಒಂದು, ಜೊತೆಗೆ ಬೇಯಿಸಿದ ಮೊಟ್ಟೆ. ಕರಾವಳಿಯವರಿಗಂತೂ ಕೋರಿ ರೊಟ್ಟಿಯ ಪ್ಯಾಕೆಟ್ ಇದ್ದೇ ಇದೆ. ಅಕ್ಕಿ ಮತ್ತು ಉಪ್ಪು, ಹೆಚ್ಚಿನವುಗಳಲ್ಲಿ ಪಟ್ಟಿ ಅಲ್ಲಿಗೇ ಮುಗಿಯುತ್ತದೆ. ನಿನ್ನೆಯ ಸಾರು ಬಿಸಿ ಮಾಡಿ ಮೇಲೆ ಸುರಿದರೆ ಐದು ನಿಮಿಷದ ಕೆಲಸ.